ಗೋವಾದ ರೆಸಾರ್ಟಿಗೆ ಇಂಟರ್ನ್‌ಶಿಪ್ ಮಾಡಲು ಹೊರಟ ತಂಗಿಗೆ

ತಂಗಿ, ಗದಗಿನಿಂದ ನೀನು ಬರೆದದ್ದನ್ನು ಓದಿದೆ. ಒಂದು ಸೆಮಿಸ್ಟರ್ ಪೂರ್ತಿ ಕ್ಲಾಸ್ ಇಲ್ಲ, ಬರೀ ಇಂಟರ್ನ್‌ಶಿಪ್. ದಕ್ಷಿಣ ಗೋವಾದ ರೆಸಾರ್ಟೊಂದರ ರಿಕ್ರಿಯೇಷನ್ ವಿಭಾಗದಲ್ಲಿ ಜಾಗ ಸಿಕ್ಕಿದೆ. ಜುಲೈಗೆ ಸೇರಲೋ ಜನವರಿಗೆ ಸೇರಲೋ ಎಂದು ಕೇಳಿದ್ದೀ. ಸ್ಟೈಪೆಂಡ್, ರೂಮು, ಭಾಷೆ, ಹಬ್ಬದ ರಜೆ ಎಲ್ಲದರ ಬಗ್ಗೆಯೂ ಕೇಳಿದ್ದೀ. ಕೊನೆಗೆ, "ಮಂದಿ ಮಕ್ಕಳನ್ನ ಆಡಸಾಕ ಗೋವಾಕ್ಕ ಹೋಗಬೇಕೇನು?" ಅಂತ ಅಪ್ಪಾರು ಕೇಳಿದ್ದಕ್ಕೆ ನಿನ್ನ ಹತ್ತಿರ ಉತ್ತರ ಇರಲಿಲ್ಲ ಅಂದಿದ್ದೀ. ನಾನು ಈ ಕೆಲಸಕ್ಕೆ ಬಂದಾಗ ನಮ್ಮ ಮನೆಯಲ್ಲೂ ಇದನ್ನೇ ಕೇಳಿದ್ದರು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ದುಡ್ಡಿನ ಮಾತು ಮೊದಲು ಮುಗಿಸುತ್ತೇನೆ. ಸ್ಟೈಪೆಂಡ್ ಒಂದೊಂದು ಕಡೆ ಒಂದೊಂದು ಥರ, ಕೆಲವರು ಕೊಡುವುದೇ ಇಲ್ಲ. ಎಷ್ಟು ಕೊಡುತ್ತಾರೆ, ಯಾವ ತಾರೀಖಿಗೆ, ಊಟ ಮತ್ತು ಯೂನಿಫಾರ್ಮಿಗೆ ಅದರಲ್ಲೇ ಮುರಿದುಕೊಳ್ಳುತ್ತಾರಾ, ಎಲ್ಲ ಬರಹದಲ್ಲಿ ತರಿಸಿಕೊ. ರೂಮು ಅವರೇ ಕೊಟ್ಟರೆ ಅಲ್ಲೇ ಇರು. ಹೊರಗೆ ಬಾಡಿಗೆಗೆ ಹಿಡಿದರೆ ಬಾಡಿಗೆದಾರರ ಫಾರಂ ಪೊಲೀಸ್ ಠಾಣೆಗೆ ಹೋಗಬೇಕು. ಮಾಲೀಕರು ಕೊಟ್ಟರಾ ಅಂತ ಕೇಳಿ ಖಾತ್ರಿ ಮಾಡಿಕೊ. ಇಲ್ಲಿ ಬಾಡಿಗೆಗೆ ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವವರಿಗೆ ಪೈಲಟ್ ಅನ್ನುತ್ತಾರೆ, ಹಗಲು ಅವರು ಅನುಕೂಲ. ರಾತ್ರಿ ಶಿಫ್ಟ್ ಮುಗಿದ ಮೇಲೆ ಮಾತ್ರ ರೆಸಾರ್ಟಿನ ಗಾಡಿಯೇ ಬಿಡಬೇಕು, ಸೇರುವ ಮೊದಲೇ ಇದನ್ನು ಮಾತಾಡು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಟ್ರೈನಿಗಳಿಗೂ ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಜಾಗದಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದರಲ್ಲಿ ಯಾರಿದ್ದಾರೆ ಅಂತ ಮೊದಲ ದಿನವೇ ತಿಳಿದುಕೊ. ಅಪ್ಪಾರಿಗೂ ಇದನ್ನು ಹೇಳು, ಅವರ ಭಯ ನನಗೆ ಅರ್ಥವಾಗುತ್ತದೆ.

ಭಾಷೆಯ ಚಿಂತೆ ಬೇಡ. ಗೆಸ್ಟುಗಳ ಜತೆ ಹಿಂದಿ, ಇಂಗ್ಲಿಷ್ ಸಾಕು. ಕೊಂಕಣಿ ಕಲಿ, ಕಲಿತವರನ್ನು ಇಲ್ಲಿಯ ಮಂದಿ ಬೇಗ ಹತ್ತಿರ ಮಾಡಿಕೊಳ್ಳುತ್ತಾರೆ. ಕನ್ನಡವಂತೂ ನಿನ್ನ ಬೆನ್ನಿಗೇ ಇರುತ್ತದೆ. ವಾಸ್ಕೋ, ಝುವಾರಿನಗರದ ಕಡೆ ನಮ್ಮವರ ದೊಡ್ಡ ವಸತಿಯೇ ಇದೆ. ರೆಸಾರ್ಟಿನ ಗಾರ್ಡನ್ನಿನಲ್ಲಿ, ಲಾಂಡ್ರಿಯಲ್ಲಿ, ಪಕ್ಕದಲ್ಲಿ ಏಳುತ್ತಿರುವ ಕಟ್ಟಡದಲ್ಲಿ ವಿಜಯಪುರ, ಬಾಗಲಕೋಟೆ, ಕೊಪ್ಪಳದವರೇ ಸಿಗುತ್ತಾರೆ. ಗೋವಾದ ಅಡುಗೆಮನೆಗೆ ಕಾಯಿಪಲ್ಯ ಬೆಳಗಾವಿಯಿಂದ ಘಟ್ಟ ಇಳಿದು ಬರುತ್ತದೆ. ಈ ನೆಲದಲ್ಲಿ ನಮ್ಮವರ ಬೆವರೂ ಇದೆ, ಅದನ್ನು ನೆನಪಿಟ್ಟುಕೊಂಡು ಬಾ. ಯಾರಾದರೂ "ಘಾಟಿ", ಅಂದರೆ ಘಟ್ಟದ ಆಚೆಯವಳು, ಅಂತ ಹಗುರಾಗಿ ಕರೆದರೆ ಜಗಳಕ್ಕೆ ನಿಲ್ಲಬೇಡ, ತಲೆಯನ್ನೂ ತಗ್ಗಿಸಬೇಡ. ಮಹದಾಯಿಯ ಮಾತು ಬಂದರೆ ಸುಮ್ಮನಿರು. ಖಾನಾಪುರದ ಕಾಡಿನಲ್ಲಿ ಹುಟ್ಟಿ ಪಣಜಿಯಲ್ಲಿ ಮಾಂಡೋವಿಯಾಗಿ ಸಮುದ್ರ ಸೇರುವ ಆ ಹೊಳೆಗಾಗಿ ನಮ್ಮ ನವಲಗುಂದದ ರೈತರು ವರ್ಷಗಟ್ಟಲೆ ಧರಣಿ ಕೂತರು. ನಾನು ಅದೇ ಹೊಳೆಯ ಈ ದಂಡೆಯಲ್ಲಿ ಸಂಸಾರ ಕಟ್ಟಿದ್ದೇನೆ. ಎರಡೂ ಕಡೆಯ ಸಂಕಟ ಗೊತ್ತಿದ್ದವರಿಗೆ ಆ ವಾದದಲ್ಲಿ ಸೇರಲು ಬಾಯಿ ಬರುವುದಿಲ್ಲ.

ನಾನು ಬಂದದ್ದು ಆಷಾಢದ ಮಳೆಯಲ್ಲಿ, ಹುಬ್ಬಳ್ಳಿಯಿಂದ ರೈಲಿನಲ್ಲಿ. ಲೋಂಡಾ ದಾಟಿ, ಕ್ಯಾಸಲ್‌ರಾಕ್‌ನಿಂದ ಗಾಡಿ ಘಟ್ಟ ಇಳಿಯುವಾಗ ದೂಧಸಾಗರ ಕಂಡಿತು. ಡಬ್ಬಿಯ ಮಂದಿಯೆಲ್ಲ ಎದ್ದು ಕಿಟಕಿಗೆ ಬಂದರು. ಎರೆಹೊಲದಲ್ಲಿ ಬೆಳೆದು, ಮಳೆ ತಡವಾದ ವರ್ಷ ಮಳೆ ಬೇಡಿ ಮನೆಮನೆಗೆ ಗುರ್ಜಿ ಹೊತ್ತು ನೀರು ಹೊಯ್ಯಿಸಿಕೊಂಡವಳು ನಾನು. ಅಷ್ಟು ನೀರು ಯಾರ ಹೊಲಕ್ಕೂ ಹೋಗದೆ ಧುಮುಕುವುದನ್ನು ಕಂಡು ಖುಷಿಗಿಂತ ಮೊದಲು ಸಿಟ್ಟು ಬಂತು. ಅವ್ವ ಕಟ್ಟಿಕೊಟ್ಟಿದ್ದ ಕಟಕ ರೊಟ್ಟಿ ಎರಡನೇ ದಿನಕ್ಕೆ ತಂಪು ಹಿಡಿದು ಮೆತ್ತಗಾಗಿಬಿಟ್ಟವು. ನೀನು ಬುಟ್ಟಿ, ಬಟ್ಟೆಗಂಟು ಬಿಟ್ಟು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ತಾ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ತಡೆಯುತ್ತವೆ.

ರಜೆಯ ವಿಷಯದಲ್ಲಿ ಆಸೆ ಇಟ್ಟುಕೊಳ್ಳಬೇಡ. ಮಂದಿಗೆ ರಜೆ ಇದ್ದಾಗಲೇ ನಮಗೆ ಕೆಲಸ. ಅಕ್ಟೋಬರಿಗೆ ಸೀಸನ್ ತೆರೆಯುತ್ತದೆ. ದಸರಾ, ದೀಪಾವಳಿ, ಕ್ರಿಸ್‌ಮಸ್, ಹೊಸವರ್ಷ ಎಲ್ಲ ಆ ಓಟದಲ್ಲೇ ಬರುತ್ತವೆ. ಎಳ್ಳಮಾಸಿಗೆ ಮನೆಯವರೆಲ್ಲ ಚಕ್ಕಡಿ ಹೂಡಿ ಭೂತಾಯಿಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ನಾನು ಪೂಲಿನ ಪಕ್ಕ ತಂಬೋಲಾ ಅಂಕಿ ಕೂಗುತ್ತಿರುತ್ತೇನೆ. ಪಂಚಮಿ ಮಾತ್ರ ನನ್ನ ಪಾಲಿಗೆ ಉಳಿದಿದೆ. ಅದು ಮಳೆಗಾಲದ ಹಬ್ಬ, ರೆಸಾರ್ಟು ಅರ್ಧ ಖಾಲಿ ಇರುತ್ತದೆ. ಅಣ್ಣ ಬಂದು ಕರೆದುಕೊಂಡು ಹೋಗುತ್ತಾನೆ, ಜೋಕಾಲಿ ಆಡಿ ಉಂಡಿ ಕಟ್ಟಿಕೊಂಡು ಬರುತ್ತೇನೆ. ನೀನು ಜುಲೈಗೇ ಸೇರು. ಮಳೆಗಾಲದಲ್ಲಿ ಒಳಾಂಗಣದ ಆಟ ಕಟ್ಟುವುದು, ದಾಖಲೆ ಬರೆಯುವುದು, ಲೈಫ್‌ಜಾಕೆಟ್ ತೊಳೆದು ಪಟ್ಟಿ ಪರೀಕ್ಷಿಸುವುದು, ಇದನ್ನೆಲ್ಲ ಕಲಿಸಲು ಹಿರಿಯರಿಗೆ ಪುರುಸೊತ್ತಿರುತ್ತದೆ. ಜನವರಿಗೆ ಬಂದರೆ ಬಂದ ದಿನವೇ ಗದ್ದಲಕ್ಕೆ ಬೀಳುತ್ತೀ.

ಲಾಗ್‌ಬುಕ್ಕಿಗೆ ಪ್ರತಿ ವಾರ ಸಹಿ ಹಾಕಿಸು. ಸೀಸನ್ ಮುಗಿಯುತ್ತಲೇ ಸೂಪರ್‌ವೈಸರ್‌ಗಳು ಬೇರೆ ಕಡೆ ಹೋಗಿಬಿಡುತ್ತಾರೆ. ಆಮೇಲೆ ನಿನ್ನ ಗಂಟೆಗಳಿಗೆ ಸಾಕ್ಷಿ ಹೇಳುವವರು ಸಿಗುವುದಿಲ್ಲ.

ಈಗ ಅಪ್ಪಾರ ಪ್ರಶ್ನೆ.

ಹೌದು, ಮಂದಿ ಮಕ್ಕಳನ್ನು ಆಡಿಸುತ್ತೀ. ಕಿಡ್ಸ್ ಕ್ಲಬ್, ಬೆಳಗಿನ ಯೋಗ, ಬೀಚ್ ವಾಲಿಬಾಲ್, ಟ್ರೆಷರ್ ಹಂಟ್, ಮದುವೆ ಪಾರ್ಟಿಯ ಸಂಗೀತ, ಎಲ್ಲಕ್ಕೂ ಓಡಾಡುತ್ತೀ. ಬ್ರೇಕ್ ಶಿಫ್ಟ್ ಬಿದ್ದರೆ ಬೆಳಗ್ಗೆ ಒಂದಿಷ್ಟು, ಸಂಜೆಯಿಂದ ರಾತ್ರಿಯವರೆಗೆ ಮತ್ತೊಂದಿಷ್ಟು. ಆದರೆ ಬಿಡುವಿಗೆಂದು ಬಂದ ಮನುಷ್ಯ ಊರಲ್ಲಿ ಇಟ್ಟುಕೊಂಡಿರುವ ಎಚ್ಚರವನ್ನೂ ಕಳಚಿಟ್ಟೇ ಬಂದಿರುತ್ತಾನೆ. ಮನೆಯಲ್ಲಿ ಮಗುವಿನ ಕೈ ಬಿಡದ ತಾಯಿ ಇಲ್ಲಿ ಕಣ್ಣು ಮುಚ್ಚಿ ಮಲಗುತ್ತಾಳೆ. ಆ ಎಚ್ಚರವನ್ನು ಅವರ ಪರವಾಗಿ ನೀನು ಹೊರಬೇಕು. ಆಟ ಶುರು ಮಾಡುವುದನ್ನು ಒಂದು ವಾರದಲ್ಲಿ ಕಲಿಯುತ್ತೀ. ನಿಲ್ಲಿಸುವುದನ್ನು ಕಲಿಯಲು ಸೆಮಿಸ್ಟರೇ ಬೇಕು.

ಸಮುದ್ರದ ಬಗ್ಗೆ ಮೊದಲು ಕೇಳಿಕೊ, ನೀನೂ ನನ್ನ ಹಾಗೆ ಬಯಲುಸೀಮೆಯವಳು. ದಂಡೆಗೆ ಬಂದ ಅಲೆಯ ನೀರು ವಾಪಸ್ ಹೋಗಲು ಮರಳ ದಿಬ್ಬಗಳ ನಡುವೆ ದಾರಿ ಮಾಡಿಕೊಳ್ಳುತ್ತದೆ. ಆ ದಾರಿಯಲ್ಲಿ ಅಲೆ ಒಡೆಯುವುದು ಕಡಿಮೆ, ನೊರೆ ಕಡಿಮೆ. ನೋಡಿದವರಿಗೆ ಅದೇ ಶಾಂತ ಜಾಗ ಅನ್ನಿಸುತ್ತದೆ, ಮಕ್ಕಳನ್ನು ಅಲ್ಲೇ ಇಳಿಸುತ್ತಾರೆ. ಅದು ಒಳಕ್ಕೆ ಎಳೆಯುವ ಸೆಳವು. ಸಿಕ್ಕಿಕೊಂಡವರು ನೇರ ದಂಡೆಗೆ ಈಜಲು ಹೋದರೆ ಸೋತು ಮುಳುಗುತ್ತಾರೆ. ಗಾಬರಿಯಾಗದೆ ಉಸಿರಾಡುತ್ತಾ ತೇಲಿ, ದಂಡೆಯುದ್ದಕ್ಕೆ ಪಕ್ಕಕ್ಕೆ ಸರಿದು, ಆಮೇಲೆ ತಿರುಗಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಕೆಂಪು ಬಾವುಟ ಇದ್ದಲ್ಲಿ ಇಳಿಯುವಂತಿಲ್ಲ. ಕೆಂಪು-ಹಳದಿ ಬಾವುಟಗಳ ನಡುವಿನ ಜಾಗವನ್ನು ಲೈಫ್‌ಗಾರ್ಡುಗಳು ಕಾಯುತ್ತಾರೆ. ಗೋವಾದ ಬೀಚುಗಳಲ್ಲಿ ದೃಷ್ಟಿ ಸಂಸ್ಥೆಯ ಲೈಫ್‌ಗಾರ್ಡುಗಳು ಬಂದದ್ದು 2008ರಲ್ಲಿ. ನಾನು ಬಂದದ್ದು ಅದಾದ ಸ್ವಲ್ಪ ದಿನಕ್ಕೆ. ಇದನ್ನೆಲ್ಲ ಅವರ ಟವರಿನ ಕೆಳಗೆ ನಿಂತೇ ಕಲಿತೆ.

ಆ ವರ್ಷ ಮಹಾಲಯ ಅಮಾವಾಸ್ಯೆಗೆ ನಮ್ಮ ಕಡೆಯ ಒಂದು ದೊಡ್ಡ ಕುಟುಂಬ ರೆಸಾರ್ಟಿಗೆ ಬಂದಿತ್ತು. ಧೋತರ, ರುಮಾಲಿನ ಅಜ್ಜಾರು, ಇಳಕಲ್ ಸೀರೆಯ ಅಜ್ಜಿ, ಮಕ್ಕಳು, ಸೊಸೆಯಂದಿರು. ನನ್ನ ಮಾತು ಕೇಳುತ್ತಲೇ ಅಜ್ಜಿ ನನ್ನ ಗಲ್ಲ ಸವರಿ ಯಾವೂರು, ಯಾರ ಮಗಳು ಎಂದೆಲ್ಲ ಕೇಳಿದರು. ಮನೆ ಬಿಟ್ಟು ಬಂದ ಮೇಲೆ ಅಷ್ಟು ಹಗುರಾದ ಬೆಳಗು ನನಗೆ ಬಂದೇ ಇರಲಿಲ್ಲ. ಅವರಿಗೆ ಸಮುದ್ರ ಸ್ನಾನ ಆಗಬೇಕಿತ್ತು. ಮಳೆಗಾಲದ ಸಿಟ್ಟು ಸಮುದ್ರಕ್ಕೆ ಇನ್ನೂ ಇಳಿದಿರಲಿಲ್ಲ, ದಂಡೆಯಲ್ಲಿ ಕೆಂಪು ಬಾವುಟ. ನಾನು ಬೇಡ ಅಂದೆ. "ಅಮಾಸಿ ದಿನಾ ಸಮುದ್ರದ ತನಕಾ ಬಂದು ಮುಳುಗು ಹಾಕದ ಹೋಗಾಕ ಬರ್ತೈತೇನವ್ವಾ?" ಅಂದರು ಅಜ್ಜಾರು. ಮ್ಯಾನೇಜರನ್ನು ಕೇಳಿದರೆ, ನಿಮ್ಮವರೇ ಅಲ್ಲವಾ, ನೀನೇ ಹೇಗಾದರೂ ನೋಡಿಕೊ, ಗೆಸ್ಟ್ ಮಾತ್ರ ಬೇಜಾರಾಗಬಾರದು ಎಂಬ ಉತ್ತರ ಬಂತು.

ಹಿರಿಯರ ಮಾತಿಗೆ ಎದುರಾಡದೆ ಬೆಳೆದವಳಿಗೆ ಹೇಗಾಗಿರಬಹುದು, ನಿನಗೆ ಬಿಡಿಸಿ ಹೇಳಬೇಕಿಲ್ಲ. "ಅಜ್ಜಾರ, ಇವತ್ತ ಬ್ಯಾಡ್ರಿ" ಎಂದು ಕೈ ಮುಗಿದು ದಾರಿಗೆ ಅಡ್ಡ ನಿಂತೆ. ಆಮೇಲೆ ಗಾರ್ಡನ್ನಿನಿಂದ ಕೊಡ ತರಿಸಿದೆ. ಲೈಫ್‌ಗಾರ್ಡ್ ಹುಡುಗ ತಾನೇ ಅಂಚಿಗೆ ಹೋಗಿ ನೀರು ತುಂಬಿ ಕೊಟ್ಟ. ಹಿರಿಯರನ್ನು ಒಣ ಮರಳಿನ ಮೇಲೆ ಕೂರಿಸಿ, ಸೊಸೆಯಂದಿರ ಕೈಯಿಂದ ಒಬ್ಬೊಬ್ಬರ ತಲೆಗೆ ಹೊಯ್ಯಿಸಿದೆ. ಅಜ್ಜಿ ಗಂಗವ್ವನ ಹೆಸರು ಹೇಳಿ ನಗುತ್ತಲೇ ನೆನೆದರು. ಅಜ್ಜಾರು ಒಂದು ಮಾತೂ ಆಡಲಿಲ್ಲ. ಊರಿಗೆ ಹೊರಟಾಗ ಕಾಲಿಗೆ ಎರಗಲು ಹೋದೆ. ಅವರು ಕಾಲು ಹಿಂದಕ್ಕೆ ತೆಗೆದುಕೊಂಡರು.

ಮಗ ದೂರು ಬರೆದುಕೊಟ್ಟು ಹೋಗಿದ್ದ, ಹಿರಿಯರಿಗೆ ಅವಮಾನವಾಯಿತು ಅಂತ. ನನ್ನ ಮೌಲ್ಯಮಾಪನದ ಹಾಳೆಯಲ್ಲಿ ಅತಿಥಿಗಳೊಂದಿಗೆ ಹೊಂದಾಣಿಕೆ ಸಾಲದು ಎಂದು ಬಂತು. ಅಂದು ಆ ದಂಡೆಯಲ್ಲಿ ಯಾರೂ ಮುಳುಗಲಿಲ್ಲ. ಹಾಗಾಗಿ ನಾನು ತಡೆದದ್ದು ಸರಿ ಅನ್ನಲು ನನ್ನ ಹತ್ತಿರ ಏನೂ ಇರಲಿಲ್ಲ. ಈ ಕೆಲಸದ ಕಠಿಣ ಭಾಗ ಇದು, ತಂಗಿ. ಆಗದೇ ಹೋದ ಅನಾಹುತವನ್ನು ಯಾವ ಲಾಗ್‌ಬುಕ್ಕಿನಲ್ಲೂ ಬರೆಯಲು ಬರುವುದಿಲ್ಲ. ಇವತ್ತು ಆ ಅಜ್ಜಾರು ಬಂದರೂ ನಾನು ಕೊಡವನ್ನೇ ತರಿಸುತ್ತೇನೆ. ಆದರೆ ಅವರು ತಲೆ ಮುಟ್ಟಿ ಒಂದು ಮಾತು ಹರಸಿ ಹೋಗಿದ್ದರೆ ಎಂಬ ಕೊರಗು ಇನ್ನೂ ಇದೆ. ಪರಊರಿನವರು ಬೈದದ್ದು ಮರೆತುಹೋಗುತ್ತದೆ. ನಮ್ಮ ಮಾತಾಡುವವರು ಮುಖ ತಿರುಗಿಸಿದ್ದು ಮರೆಯುವುದಿಲ್ಲ.

2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಶಾಲೆಯ ಪ್ರವಾಸ ಬಂದಿದ್ದ ಮುಳಬಾಗಿಲು ಕಡೆಯ ನಾಲ್ಕು ಹುಡುಗಿಯರು ಸಮುದ್ರದ ಪಾಲಾದರು. ನಮ್ಮ ಹಾಗೆಯೇ ಒಣಸೀಮೆಯ ಮಕ್ಕಳು. ಆ ಸುದ್ದಿ ಬಂದ ದಿನ ನಾನು ಊಟ ಮಾಡಲಿಲ್ಲ.

ಆದ್ದರಿಂದ ಆ ರೆಸಾರ್ಟಿನವರಿಗೆ ಒಪ್ಪಿಗೆ ಪತ್ರ ಕಳಿಸುವ ಮೊದಲು ಒಂದು ಮಾತು ಕೇಳು: ಪೂಲ್ ಮುಚ್ಚುವ, ಆಟ ನಿಲ್ಲಿಸುವ ಅಧಿಕಾರ ಯಾರಿಗಿದೆ, ಟ್ರೈನಿ ನಿಲ್ಲಿಸಿದರೆ ನೀವು ಅವಳ ಜತೆ ನಿಲ್ಲುತ್ತೀರಾ? ತಡವರಿಸಿದರೆ ಬೇರೆ ಜಾಗ ನೋಡು. ಸ್ಟೈಪೆಂಡ್ ಕಡಿಮೆಯಾದರೂ ಪರವಾಗಿಲ್ಲ. ಒಳ್ಳೆಯ ಜಾಗದಲ್ಲಿ ಮಕ್ಕಳ ತಲೆ ಎಣಿಸಿಯೇ ಹೊರಡುತ್ತಾರೆ, ಎಣಿಸಿಯೇ ಒಳಗೆ ಬರುತ್ತಾರೆ. ಗುಡುಗು ಕೇಳಿಸಿದರೆ ಪೂಲ್ ಖಾಲಿ ಮಾಡಿಸಿ, ಕೊನೆಯ ಗುಡುಗಿನಿಂದ 30 ನಿಮಿಷ ಕಾಯುತ್ತಾರೆ. ಲೈಫ್‌ಜಾಕೆಟನ್ನು ತೂಕ ನೋಡಿ ಹಾಕುತ್ತಾರೆ. ರಾತ್ರಿ 10ಕ್ಕೆ ಬಯಲಿನ ಡಿಜೆ ನಿಲ್ಲಿಸುತ್ತಾರೆ, ಎದುರಿಗೆ ಕುಣಿಯುತ್ತಿರುವವರು ಎಷ್ಟೇ ದೊಡ್ಡವರಾಗಿರಲಿ.

ನಿನಗೆ ಈಜು ಬರುತ್ತದಾ? ಅದನ್ನು ನೀನು ಬರೆದೇ ಇಲ್ಲ. ಬರದಿದ್ದರೆ ಈಗಲೇ ಅಲ್ಲಿ ಈಜುಕೊಳಕ್ಕೆ ಸೇರಿಕೊ. ಎದೆ ಒತ್ತಿ ಉಸಿರು ಬರಿಸುವ ಸಿಪಿಆರ್ ಕಲಿಯದೆ ಬರಬೇಡ. ಬಂದ ಮೇಲೆ, ಪಣಜಿ ಹತ್ತಿರ ಕರಂಜಾಳೆಯಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಕೆಳಗಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ವಾಟರ್ ಸ್ಪೋರ್ಟ್ಸ್ ಇದೆ, ಜೀವರಕ್ಷಣೆಯ ಸಣ್ಣ ಕೋರ್ಸು ಅಲ್ಲಿ ಮಾಡಬಹುದು. ಕಾಲೇಜಿನ ಸರ್ಟಿಫಿಕೇಟಿನ ಜತೆ ಅದೂ ಇದ್ದರೆ ಮುಂದೆ ಕೆಲಸ ಕೇಳುವಾಗ ನಿನ್ನ ಮಾತಿಗೆ ತೂಕ ಬರುತ್ತದೆ.

ಅಪ್ಪಾರ ಜತೆ ನಾನೇ ಮಾತಾಡುತ್ತೇನೆ. ಭಾನುವಾರ ನನಗೆ ಡ್ಯೂಟಿ, ಮಂಗಳವಾರ ಆಫ್, ಅವತ್ತು ಸಂಜೆ ಫೋನ್ ಮಾಡಿಸು. ಒಪ್ಪಿದರೆ ನಿನ್ನನ್ನು ಬಿಡಲು ಅವರೇ ಬರಲಿ. ಒಂದು ರಾತ್ರಿ ನಮ್ಮ ಮನೆಯಲ್ಲಿ ಉಳಿದು ಜಾಗ, ಮಂದಿ ಎಲ್ಲ ಕಣ್ಣಾರೆ ನೋಡಿಕೊಂಡು ಹೋಗಲಿ. ಬರುವಾಗ ಎರಡು ಕಿಲೋ ಬಿಳಿಜೋಳದ ಹಿಟ್ಟು ತಂದರೆ ಸಾಕು, ಬೇರೇನೂ ಬೇಡ. ಜುಲೈನಲ್ಲಿ ಬರುವುದರಿಂದ ಅವರಿಗೆ ಮೊದಲೇ ಹೇಳಿಟ್ಟಿರು: ಸಮುದ್ರವನ್ನು ದಂಡೆಯ ಮೇಲೆ ನಿಂತೇ ನೋಡಬೇಕು.