ಸ್ಟೆಫನಿ ಮರೆತಳು ಅಂತ ನಿಮಗೆ ಯಾರು ಹೇಳಿದರು?

ಪ್ರಿಯರೇ,

ಯುರೋಪಿನ ಹೆಸರಾಂತ ಸಿಹಿಗಳು ಹುಟ್ಟಿದ ಬಗೆ ಕುರಿತು ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಎಲ್ಲೂ ತಡವರಿಸದೆ ಓದಿಸಿಕೊಂಡು ಹೋಗುತ್ತದೆ. ನಮ್ಮ ಓದುಗರಿಗೆ ವಿಷಯವೂ ಹೊಸದು. ಪೀಚ್ ಮೆಲ್ಬಾ, ತಿರಮಿಸು ಭಾಗಗಳನ್ನು ಈಗ ಮುಟ್ಟುವುದಿಲ್ಲ. ಸೇಬನ್ನು ತಳಕ್ಕಿಟ್ಟು ಬೇಯಿಸಿ ಕವುಚುವ ಫ್ರಾನ್ಸಿನ ಸಿಹಿ ಟಾರ್ಟ್ ಟಾಟಿನ್ ಬಗ್ಗೆ ಬರೆದ ಪ್ಯಾರಾ ಓದಿ ಮಾತ್ರ ನನಗೆ ಸಿಟ್ಟು ಬಂತು. ಇನ್ನೊಮ್ಮೆ ಓದಿದೆ, ಇಳಿಯಲಿಲ್ಲ. ಅದಕ್ಕೇ ಈ ಉದ್ದದ ಪತ್ರ.

ನಿಮ್ಮ ಮೊದಲ ಸಾಲು: ‘ಫ್ರಾನ್ಸಿನ ಹಳ್ಳಿಯೊಂದರಲ್ಲಿ ಸ್ಟೆಫನಿ ಎಂಬ ಮರೆಗುಳಿ ಹುಡುಗಿ ಇದ್ದಳು.’

ಸ್ಟೆಫನಿ ಟಾಟಿನ್ ಹುಟ್ಟಿದ್ದು 1838ರಲ್ಲಿ. ಕಥೆ ನಡೆಯಿತು ಅನ್ನುವುದು 1880ರ ದಶಕದಲ್ಲಿ. ಅಂದರೆ ನಲವತ್ತು ದಾಟಿದ ಹೆಂಗಸು. ಲಾಮೋತ್-ಬವ್ರೋ ಊರಿನ ರೈಲ್ವೆ ಸ್ಟೇಷನ್ ಎದುರಿಗೇ ಅವರ ಹೋಟೆಲ್. ತಂಗಿ ಕ್ಯಾರೊಲಿನ್ ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದರು, ಸ್ಟೆಫನಿ ಅಡುಗೆಮನೆ ನೋಡಿಕೊಳ್ಳುತ್ತಿದ್ದರು. ಸುತ್ತಲಿನ ಸೊಲೋನ್ಯ ಕಾಡಿಗೆ ಬೇಟೆಗೆ ಬರುವವರೆಲ್ಲ ಅಲ್ಲೇ ಉಣ್ಣುತ್ತಿದ್ದರು. ಇಂಥ ಹೋಟೆಲ್ಲಿನ ಒಲೆ ಮುಂದೆ ವರ್ಷಗಟ್ಟಲೆ ನಿಂತವರನ್ನು ನೀವು ಮರೆಗುಳಿ ಹುಡುಗಿ ಮಾಡಿಬಿಟ್ಟಿರಿ. ‘ಇದ್ದಳು’ ಅಂತ ಬೇರೆ. ಅದೇ ಲೇಖನದಲ್ಲಿ ವಿಯೆನ್ನಾದ ಚಾಕೊಲೇಟ್ ಕೇಕಿನ ಫ್ರಾಂಜ್ ಸಾಕರ್ ‘ಅವರು’ ಆಗಿದ್ದಾರೆ, ಅಲ್ವಾ?

ಎರಡನೇ ಸಾಲು: ‘ಒಂದು ಭಾನುವಾರ ಒಲೆ ಮೇಲಿಟ್ಟ ಸೇಬನ್ನು ಮರೆತೇಬಿಟ್ಟಳು. ಸುಟ್ಟ ವಾಸನೆ ಬಂದಾಗ ಗಾಬರಿಯಾಗಿ, ಕೈಗೆ ಸಿಕ್ಕ ಹಿಟ್ಟನ್ನು ಮೇಲೆ ಮುಚ್ಚಿ ಓವನ್ನಿಗೆ ತಳ್ಳಿದಳು.’

ಇಲ್ಲಿ ಸ್ವಲ್ಪ ನಿಲ್ಲಿ. ಸಕ್ಕರೆ ಸುಟ್ಟ ವಾಸನೆ ಬಂತು ಅಂದರೆ ಅದು ಆಗಲೇ ಕಹಿ. ಅದನ್ನು ಇನ್ನೊಂದು ಅರ್ಧ ಗಂಟೆ ಓವನ್ನಿನಲ್ಲಿಟ್ಟರೆ ಯಾವ ಬೇಟೆಗಾರನೂ ಎರಡನೇ ತುಂಡು ಕೇಳುವುದಿಲ್ಲ. ಈ ಟಾರ್ಟ್ ಮಾಡುವ ಕ್ರಮವೇ ಬೇರೆ. ತಳಕ್ಕೆ ಬೆಣ್ಣೆ, ಸಕ್ಕರೆ. ಅದರ ಮೇಲೆ ಗಟ್ಟಿ ಸೇಬಿನ ಹೋಳುಗಳನ್ನು ಸಂದಿಲ್ಲದಂತೆ ಒತ್ತಾಗಿ ಜೋಡಿಸಬೇಕು, ಬೆಂದ ಮೇಲೆ ಅವು ಕುಗ್ಗುತ್ತವೆ. ಸಕ್ಕರೆ ಜೇನಿನ ಬಣ್ಣ ದಾಟಿ ಕೆಂಪಗಾಗುವ ತನಕ ಒಲೆ ಮೇಲೆ ಕಾಯಬೇಕು. ಆಮೇಲೆ ಹಿಟ್ಟಿನ ಹಾಳೆ ಹೊದಿಸಿ, ಅಂಚನ್ನು ಒಳಕ್ಕೆ ಮಡಚಿ ಓವನ್ನಿಗೆ ಇಡಬೇಕು. ಹೊರಗೆ ತೆಗೆದ ಮೇಲೆ ತಟ್ಟೆಗೆ ಕವುಚುವುದು ಕೊನೆಯ ಕೆಲಸ. ತೀರಾ ಬಿಸಿ ಇದ್ದಾಗ ಕವುಚಿದರೆ ಪಾಕ ಹರಿದುಹೋಗುತ್ತದೆ, ಪೂರ್ತಿ ಆರಿದರೆ ಸೇಬು ಬಾಣಲೆಗೇ ಕಚ್ಚಿಕೊಳ್ಳುತ್ತದೆ. ಇದರಲ್ಲಿ ಗಾಬರಿಗೆ ಜಾಗ ಎಲ್ಲಿದೆ ಹೇಳಿ? ಅಲ್ಲದೆ ಹಣ್ಣನ್ನು ತಳಕ್ಕೆ ಹಾಕಿ ಬೇಯಿಸಿ ಕವುಚುವ ಟಾರ್ಟು ಸೊಲೋನ್ಯ ಕಡೆಯ ಮನೆಗಳಲ್ಲಿ ಮೊದಲೇ ಇತ್ತು. ಸ್ಟೆಫನಿ ಅದನ್ನು ಊರ ಹೊರಗಿನವರೂ ಹುಡುಕಿಕೊಂಡು ಬರುವಷ್ಟು ಚೆನ್ನಾಗಿ ಮಾಡುತ್ತಿದ್ದರು. ಆಕಸ್ಮಿಕಕ್ಕಿಂತ ಇದು ದೊಡ್ಡ ಮಾತಲ್ವಾ?

ನಾನು ಕೆಲಸ ಕಲಿತದ್ದು ಒಂದು ವಾರಪತ್ರಿಕೆಯಲ್ಲಿ. ಅಲ್ಲೊಬ್ಬರು ಹಿರಿಯ ಉಪಸಂಪಾದಕರಿದ್ದರು. ಮದುವೆ ಅಡುಗೆಯ ಬಗ್ಗೆ ಬರೆಯಲು ನನ್ನನ್ನು ಒಂದು ಛತ್ರಕ್ಕೆ ಕಳಿಸಿದರು. ಮೈಸೂರು ಪಾಕ್ ಹುಯ್ಯುವ ಹೊತ್ತು. ಭಟ್ಟರು ಸಟ್ಟುಗದ ತುದಿಯ ಪಾಕವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಎಳೆದು ನೋಡುತ್ತಿದ್ದರು. ಎಳೆ ತುಂಡಾದರೆ ಇನ್ನೂ ಇಲ್ಲ. ಹುಡುಗಿಯ ಕಡೆಯವರು ಬಂದು ಕಾಫಿ ಕೇಳಿದರು, ಯಾರೋ ಎಲೆ ಲೆಕ್ಕ ಕೇಳಿದರು. ಅವರು ಬಾಯಲ್ಲೇ ಉತ್ತರ ಕೊಟ್ಟರು, ಕಣ್ಣು ಕೊಪ್ಪರಿಗೆ ಬಿಟ್ಟು ಕದಲಲಿಲ್ಲ. ಆಫೀಸಿಗೆ ವಾಪಸ್ ಬಂದಾಗ ನಮ್ಮ ಹಿರಿಯರು ಸಿಹಿ ಹೇಗಿತ್ತು ಅಂತ ಕೇಳಲಿಲ್ಲ. ‘ಭಟ್ಟರ ಎಡಗೈಲಿ ಏನಿತ್ತು?’ ಅಂದರು. ಒದ್ದೆ ಬಟ್ಟೆ ಇತ್ತು, ಕೊಪ್ಪರಿಗೆಯ ಬಳೆ ಹಿಡಿದಿದ್ದರು ಅಂದೆ. ‘ಹಾಗಾದರೆ ಕೂತು ಬರಿ’ ಅಂದರು. ಆವತ್ತಿನಿಂದ ಯಾವ ಅಡುಗೆಯ ಬರಹ ಬಂದರೂ ನಾನು ಮೊದಲು ಕೈಗಳನ್ನೇ ಹುಡುಕುತ್ತೇನೆ. ನಿಮ್ಮ ಪ್ಯಾರಾದಲ್ಲಿ ಕೈಗಳಿಲ್ಲ. ಬರೀ ಗಾಬರಿ ಇದೆ.

ಮೂರನೇ ಸಾಲಿಗೆ ಬರೋಣ: ‘ಪ್ಯಾರಿಸ್ಸಿನ ಮ್ಯಾಕ್ಸಿಮ್ಸ್ ಹೋಟೆಲ್ಲಿನ ಮಾಲೀಕ ಲೂಯಿ ವೊಡಾಬ್ಲ್ ಈ ರುಚಿಗೆ ಮರುಳಾಗಿ, ಅಕ್ಕತಂಗಿಯರ ಗುಟ್ಟು ತಿಳಿಯಲು ತೋಟದ ಮಾಲಿಯ ವೇಷದಲ್ಲಿ ಒಬ್ಬನನ್ನು ಕಳಿಸಿದ.’

ಸುಮ್ನೆ ಒಂದು ಕಳೆಯುವ ಲೆಕ್ಕ ಮಾಡಿ. ವೊಡಾಬ್ಲ್ ಹುಟ್ಟಿದ್ದು 1902ರಲ್ಲಿ. ಟಾಟಿನ್ ಸೋದರಿಯರು ಹೋಟೆಲ್ ಬಿಟ್ಟಿದ್ದು 1906ರಲ್ಲಿ. ಗೂಢಚಾರನನ್ನು ಕಳಿಸಿದಾಗ ಮಾಲೀಕರಿಗೆ ನಾಲ್ಕು ವರ್ಷವೂ ತುಂಬಿತ್ತೋ ಇಲ್ಲವೋ! ಮ್ಯಾಕ್ಸಿಮ್ಸ್ ಆ ಕುಟುಂಬದ ಕೈಗೆ ಬಂದಿದ್ದೇ 1932ರಲ್ಲಿ. ಕ್ಯಾರೊಲಿನ್ 1911ರಲ್ಲಿ, ಸ್ಟೆಫನಿ 1917ರಲ್ಲಿ ತೀರಿಕೊಂಡಿದ್ದರು.

ಕಥೆ ಸುಳ್ಳು ಅಂತ ಬಿಸಾಡಿ ಅನ್ನುತ್ತಿಲ್ಲ. ಬೇಕೇ ಬೇಕು. ಆದರೆ ಯಾರು ಹೇಳಿದರು, ಯಾಕೆ ಹೇಳಿದರು ಅನ್ನುವುದರ ಜೊತೆಗೇ ಬರಬೇಕು. ಈ ಕಥೆ ಹೇಳಿಕೊಂಡು ಬಂದವರು ಸ್ವತಃ ವೊಡಾಬ್ಲ್. ಅವರ ಹೋಟೆಲ್ಲಿನ ಮೆನುವಿನಲ್ಲಿ ಈ ಟಾರ್ಟ್ ಇತ್ತು. ಅದಕ್ಕೂ ಮೊದಲು 1920ರ ದಶಕದಲ್ಲಿ ಕ್ಯುರ್ನೋನ್ಸ್ಕಿ ಅನ್ನುವ ಊಟದ ಬರಹಗಾರರು ಇದನ್ನು ಪ್ಯಾರಿಸ್ಸಿನಲ್ಲಿ ಹೊಗಳಿ ಹೆಸರು ಮಾಡಿಸಿದ್ದರು. ಟಾಟಿನ್ ಸೋದರಿಯರು ಇದಕ್ಕೆ ತಮ್ಮ ಹೆಸರಿಟ್ಟವರಲ್ಲ. ಹಳ್ಳಿಯ ಇಬ್ಬರು ಹೆಂಗಸರ ಅಡುಗೆ, ಅವರು ಹೋದ ಮೇಲೆ, ಪ್ಯಾರಿಸ್ಸಿನ ಗಂಡಸರ ಬಾಯಲ್ಲಿ ಆಕಸ್ಮಿಕ ಆಗಿಬಿಟ್ಟಿತು. ನೀವು ಬರೆಯಬೇಕಿದ್ದ ಕಥೆ ಇದು.

ಸಾಕರ್ ಟಾರ್ಟ್‌ದೂ ಇದೇ ಹಾಡು. 1832ರಲ್ಲಿ ಮುಖ್ಯ ಬಾಣಸಿಗ ಕಾಯಿಲೆ ಬಿದ್ದಾಗ ಹದಿಹರೆಯದ ಹುಡುಗ ಫ್ರಾಂಜ್ ಸಾಕರ್ ಆಸ್ಟ್ರಿಯಾದ ಚಾನ್ಸಲರ್ ಮೆಟರ್ನಿಕ್‌ಗಾಗಿ ಚಾಕೊಲೇಟ್ ಕೇಕ್ ಮಾಡಿದ್ದಕ್ಕೆ ಅರ್ಧ ಪುಟ ಕೊಟ್ಟಿದ್ದೀರಿ. ‘ಆ ರಾತ್ರಿಯೇ ವಿಯೆನ್ನಾ ಗೆದ್ದರು’ ಅಂದಿದ್ದೀರಿ. ಗೆದ್ದದ್ದು ಆ ರಾತ್ರಿಯಲ್ಲ. ಹೆಸರು ಬಂದಿದ್ದು ಮಗ ಎಡ್ವರ್ಡ್ ಕಾಲದಲ್ಲಿ. ಅವರು ಡೆಮೆಲ್ ಬೇಕರಿಯಲ್ಲಿ ಕೆಲಸ ಕಲಿತು, 1876ರಲ್ಲಿ ಹೋಟೆಲ್ ಸಾಕರ್ ತೆರೆದ ಮೇಲೆ. 1934ರಲ್ಲಿ ಹೋಟೆಲ್ ದಿವಾಳಿಯಾಯಿತು, ಮೊಮ್ಮಗ ಡೆಮೆಲ್ ಸೇರಿಕೊಂಡರು, ಕೇಕೂ ಅವರ ಜೊತೆ ಅಲ್ಲಿಗೆ ಹೋಯಿತು. ‘ಒರಿಜಿನಲ್’ ಅನ್ನುವ ಹೆಸರು ಯಾರದ್ದು ಅಂತ ಎರಡು ಕಡೆಯವರೂ 1954ರಿಂದ 1963ರ ತನಕ ಕೋರ್ಟಿನಲ್ಲಿ ಹೊಡೆದಾಡಿದರು. ಜರ್ದಾಲು ಹಣ್ಣಿನ ಜಾಮ್ ಕೇಕಿನ ನಡುವೆಯೂ ಇರಬೇಕೋ, ಮೇಲಿನ ಚಾಕೊಲೇಟ್ ಅಡಿ ಮಾತ್ರ ಸಾಕೋ ಅಂತ ಕೋರ್ಟಿನಲ್ಲಿ ವಾದ ನಡೆಯಿತು! ಕೊನೆಗೆ ‘ಒರಿಜಿನಲ್’ ಹೋಟೆಲ್ಲಿಗೆ ಉಳಿಯಿತು, ಡೆಮೆಲ್ ಕೇಕಿಗೆ ಎಡ್ವರ್ಡ್ ಸಾಕರ್ ಹೆಸರು ಬಂತು. ಇಷ್ಟೆಲ್ಲ ನಿಮ್ಮಲ್ಲಿ ಒಂದೇ ಸಾಲು: ‘ಮುಂದೆ ಇದು ಕೋರ್ಟ್ ಮೆಟ್ಟಿಲೇರಿತು.’

ಲೇಖನ ವಾಪಸ್ ಕಳಿಸುತ್ತಿದ್ದೇನೆ, ತಿದ್ದಿ ಕಳಿಸಿದರೆ ಹಾಕುತ್ತೇನೆ. ಟಾಟಿನ್ ಪ್ಯಾರಾವನ್ನು ಪೂರ್ತಿ ಹೊಸದಾಗಿ ಬರೆಯಿರಿ. ಬರೆಯುವ ಮೊದಲು ಒಮ್ಮೆ ಮನೆಯಲ್ಲಿ ಮಾಡಿ ನೋಡಿ. ಮೆತ್ತನೆಯ ಸೇಬು ಬೇಡ, ಕರಗಿ ಗೊಜ್ಜಾಗುತ್ತದೆ. ಗಟ್ಟಿ, ಸ್ವಲ್ಪ ಹುಳಿ ಇರುವುದನ್ನು ತನ್ನಿ. ಪಾಕ ಕೆಂಪಗಾಗುವಾಗ ಒಲೆ ಬಿಟ್ಟು ಹೋಗಬೇಡಿ. ಸಾಕರ್ ಕೇಸಿಗೆ ಜಾಸ್ತಿ ಜಾಗ ಬೇಕಾದರೆ ಹೇಳಿ, ಅರ್ಧ ಪುಟ ಬಿಟ್ಟುಕೊಡುತ್ತೇನೆ.

ಇಂತಿ,
ಸಂಪಾದಕ