‘ಭೂಗೋಳವೇ ಹಣೆಬರಹ’ ಲೇಖನ ಕಳಿಸಿದವರಿಗೆ

ನಮಸ್ಕಾರ. ಮಂಡ್ಯ ಸೀಮೆಯ ದುಡ್ಡು, ಊಟ, ರಾಜಕಾರಣ ಮೂರನ್ನೂ ಕಾವೇರಿಯೇ ರೂಪಿಸಿತು ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾರೆ. ಹಾಗಂತ ವಿಷಯ ಕೈಬಿಡಬೇಡಿ, ಇದನ್ನು ಈ ನೆಲದವರೇ ಬರೆಯಬೇಕು. ನೀವು ನದಿಯನ್ನು ನೋಡಿದ್ದೀರಿ, ನೆಲದ ಏರುತಗ್ಗನ್ನೂ ತಿಂಗಳುಗಳನ್ನೂ ನೋಡಿಲ್ಲ. ಕೊರತೆ ಇರುವುದು ಅಲ್ಲೇ.

‘ಕಾವೇರಿ ಹರಿದಿದ್ದರಿಂದ ಮಂಡ್ಯ ಹಸಿರಾಯಿತು’ ಎಂಬ ನಿಮ್ಮ ಮೊದಲ ಸಾಲೇ ತಪ್ಪು. ಮಂಡ್ಯ ಪಟ್ಟಣ ಕಾವೇರಿ ದಡದಲ್ಲಿಲ್ಲ. ಮದ್ದೂರು ಇರುವುದು ಶಿಂಷಾ ಹೊಳೆಯ ದಡದಲ್ಲಿ. ಕಾವೇರಿ ತಗ್ಗಿನಲ್ಲಿ ಹರಿಯುತ್ತದೆ, ಹೊಲಗಳು ದಿಣ್ಣೆಯ ಮೇಲಿವೆ. ಶ್ರೀರಂಗಪಟ್ಟಣದ ಆಸುಪಾಸಿನಲ್ಲಿ ಚಿಕ್ಕದೇವರಾಯ, ವಿರಿಜಾ, ಬಂಗಾರದೊಡ್ಡಿ ನಾಲೆಗಳು ಹಿಂದೆಯೇ ಇದ್ದವು, ಆದರೆ ಅವು ನೀರುಣಿಸಿದ್ದು ಹೊಳೆಗೆ ಹತ್ತಿರದ ನೆಲಕ್ಕೆ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ (ಕೃಷ್ಣರಾಜಸಾಗರ) ನೀರಿನ ಮಟ್ಟವನ್ನೇ ಏರಿಸಿ ನಿಲ್ಲಿಸಿತು. ಹುಲಿಕೆರೆ ಹತ್ತಿರ ಸುರಂಗ ಕೊರೆದು, ಅಡ್ಡವಿದ್ದ ದಿಬ್ಬವನ್ನು ದಾಟಿಸಿದ ಮೇಲೆಯೇ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಇಳಿದದ್ದು. ಇವತ್ತಿಗೂ ನಾಗಮಂಗಲದ ಕಡೆ ಹೋಗಿ ನೋಡಿ. ಅದೇ ಜಿಲ್ಲೆ, ಆದರೆ ವಿ.ಸಿ. ನಾಲೆಯ ನೀರು ಹತ್ತದ ಎತ್ತರ. ಅಲ್ಲಿ ರಾಗಿ, ಹುರುಳಿ, ತೆಂಗು. ಮಂಡ್ಯ, ನಾಗಮಂಗಲ ಎರಡೂ ತಾಲ್ಲೂಕುಗಳನ್ನು ಅಕ್ಕಪಕ್ಕ ಇಟ್ಟಿದ್ದರೆ ನಿಮ್ಮ ಮೂರು ಪುಟದ ವರ್ಣನೆ ಬೇಕಾಗುತ್ತಿರಲಿಲ್ಲ.

‘ನೀರು ಬಂತು, ಸಕ್ಕರೆ ಬಂತು’ ಎಂದು ಒಂದೇ ಸಾಲಿನಲ್ಲಿ ಹಾರಿದ್ದೀರಿ. ನಡುವೆ ಒಂದು ಕಾರಣ ಬಿಟ್ಟುಹೋಗಿದೆ. ಕಡಿದ ಕಬ್ಬು ಗದ್ದೆಯಲ್ಲೇ ಉಳಿದರೆ ದಿನದಿನಕ್ಕೆ ತೂಕವನ್ನೂ ಸಿಹಿಯನ್ನೂ ಕಳೆದುಕೊಳ್ಳುತ್ತದೆ. ಅದಕ್ಕೇ ಕಾರ್ಖಾನೆ ಗದ್ದೆಗೆ ಹತ್ತಿರವೇ ಇರಬೇಕು. 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಮಂಡ್ಯದಲ್ಲೇ ಹುಟ್ಟಿದ್ದಕ್ಕೆ ಇದೂ ಕಾರಣ. ಆ ಕಾರ್ಖಾನೆಗಾಗಿ ಶ್ರಮಿಸಿದ, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಹೆಸರಿಲ್ಲದೆ ಈ ಭಾಗ ಪೂರ್ತಿಯಾಗದು. ಆಲೆಮನೆಯ ಲೆಕ್ಕವನ್ನೂ ಸೇರಿಸಿ: ಒಂದು ಟನ್ ಕಬ್ಬಿಗೆ ಸುಮಾರು 100 ಕಿಲೋ ಬೆಲ್ಲ. ಹತ್ತು ಪಾಲು ಭಾರವನ್ನು ಒಂದು ಪಾಲಿಗೆ ಇಳಿಸಿ ಸಾಗಿಸಬಹುದಾದ್ದರಿಂದಲೇ ಆಲೆಮನೆಗಳು ಗದ್ದೆ ಅಂಚಿನಲ್ಲಿ ನಿಂತವು.

ಅಂಕಿಗಳಲ್ಲಿ ದೊಡ್ಡ ಎಡವಟ್ಟಾಗಿದೆ. ‘ಕಟ್ಟೆಯಲ್ಲಿ 20 ಸಾವಿರ ಕ್ಯೂಸೆಕ್ ಸಂಗ್ರಹ’ ಎಂದು ಬರೆದಿದ್ದೀರಿ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ಹರಿಯುತ್ತದೆ ಎಂಬ ಅಳತೆ, ಸಂಗ್ರಹಕ್ಕೆ ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. 11,574 ಕ್ಯೂಸೆಕ್ ನೀರು 24 ಗಂಟೆ ಎಡೆಬಿಡದೆ ಹರಿದರೆ ಒಂದು ಟಿಎಂಸಿ. ಇನ್ನೊಂದು: ಕಟ್ಟೆಯ ಪೂರ್ಣ ಮಟ್ಟ 124.80 ಅಡಿ, ಆಗ 49.45 ಟಿಎಂಸಿ. 100 ಅಡಿ ಇದ್ದರೆ ಐದರಲ್ಲಿ ನಾಲ್ಕು ಪಾಲು ತುಂಬಿದೆ ಎಂದು ನೀವು ಲೆಕ್ಕ ಹಾಕಿದ್ದೀರಿ. ಜಲಾಶಯ ತಳದಲ್ಲಿ ಕಿರಿದು, ಮೇಲೆ ಹರವು. 100 ಅಡಿಯಲ್ಲಿ ಅರ್ಧದಷ್ಟೂ ನೀರಿರುವುದಿಲ್ಲ. ಇಂಥ ತಪ್ಪನ್ನು ಮಂಡ್ಯದ ರೈತ ಮೊದಲು ಹಿಡಿಯುತ್ತಾನೆ, ಆಮೇಲೆ ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ಯುದ್ಧತಂತ್ರದ ಭಾಗದಲ್ಲಿ ಶ್ರೀರಂಗಪಟ್ಟಣವನ್ನು ‘ನದಿ ಕಾಯುವ ಅಭೇದ್ಯ ದ್ವೀಪ’ ಎಂದಿದ್ದೀರಿ. ಯಾವ ತಿಂಗಳಲ್ಲಿ? ಕೊಡಗಿನಲ್ಲಿ ಮಳೆ ಹಿಡಿದ ಮೇಲೆ ಹೊಳೆ ಕಂದಕವಾಗುತ್ತದೆ. ಬೇಸಿಗೆಯಲ್ಲಿ ಬಂಡೆಗಳು ಕಾಣುತ್ತವೆ, ಕಾಲ್ನಡೆಯಲ್ಲಿ ದಾಟಬಹುದು. 1791ರ ಮೇ ತಿಂಗಳಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಮಳೆಗೆ ಸಿಕ್ಕಿ, ದವಸವಿಲ್ಲದೆ, ಎತ್ತುಗಳು ಸತ್ತು, ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ. ಮುಂದಿನ ಸಲ ಬಂದದ್ದು 1792ರ ಫೆಬ್ರವರಿಯಲ್ಲಿ. 1799ರ ಮೇ 4ರಂದು, ಹೊಳೆ ತುಂಬುವ ಮುಂಚೆ, ಬ್ರಿಟಿಷ್ ಸೈನ್ಯ ಬಂಡೆಗಳ ನಡುವೆಯೇ ದಾಟಿ ಕೋಟೆಗೆ ನುಗ್ಗಿತು. ಈ ಮೂರು ದಿನಾಂಕಗಳನ್ನು ಸಾಲಾಗಿ ಇಟ್ಟರೆ ಸಾಕು.

ಅದೇ ಕಣ್ಣಿನಿಂದ ಕಾವೇರಿ ವಿವಾದವನ್ನೂ ನೋಡಿ. ‘ಅವರಿಗೆ ಆಸೆ, ನಮಗೆ ನ್ಯಾಯ’ ಎಂದು ಮುಗಿಸಿದ್ದೀರಿ. ತಮಿಳುನಾಡಿನ ಮುಖಜಭೂಮಿಯಲ್ಲಿ ಕುರುವೈ ಹಂಗಾಮಿನ ಭತ್ತಕ್ಕಾಗಿ ಮೆಟ್ಟೂರು ಅಣೆಕಟ್ಟೆ ತೆರೆಯುವ ವಾಡಿಕೆಯ ದಿನ ಜೂನ್ 12. ನಮ್ಮ ಕಟ್ಟೆಗೆ ಒಳಹರಿವು ಆಗಷ್ಟೇ ಶುರುವಾಗಿರುತ್ತದೆ. ಅವರ ಹಿಂಗಾರು ಬರುವುದು ಅಕ್ಟೋಬರ್‌ಗೆ. ಮುಂಗಾರು ಕೈಕೊಟ್ಟ ವರ್ಷ ಎರಡೂ ಕಡೆಯ ಗದ್ದೆ ಒಂದೇ ಹೊತ್ತಿನಲ್ಲಿ ಬಾಯಾರುತ್ತದೆ, ಜಗಳ ಹುಟ್ಟುವುದು ಅಲ್ಲಿ. 1924ರ ಒಪ್ಪಂದ, 2007ರ ಕಾವೇರಿ ನ್ಯಾಯಮಂಡಳಿಯ ಐತೀರ್ಪು, ಕರ್ನಾಟಕ ವರ್ಷಕ್ಕೆ ಇಷ್ಟು ನೀರು ಬಿಡಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಗಡಿಯ ಬಿಳಿಗುಂಡ್ಲು ಮಾಪನ ಕೇಂದ್ರಕ್ಕೆ ನಿಗದಿ ಮಾಡಿದ 177.25 ಟಿಎಂಸಿ, ಇವನ್ನು ಇದಾದ ಮೇಲೆ ತನ್ನಿ.

‘ಕಾವೇರಿ ತೀರದವರು ಮೃದು ಸ್ವಭಾವದವರು’ ಎಂಬ ಪುಟವನ್ನು ಪೂರ್ತಿ ತೆಗೆಯಿರಿ. ಸಂಸ್ಕೃತಿ ತೋರಿಸಬೇಕಿದ್ದರೆ ಊಟದ ತಟ್ಟೆ ನೋಡಿ: ಭತ್ತ ಬೆಳೆಯುವ ಮನೆಯಲ್ಲೂ ಮುದ್ದೆ ಉಳಿದುಕೊಂಡಿದೆ.

ನಾಲೆಯ ಕೊನೆ ಭಾಗದಲ್ಲಿ, ಮಳವಳ್ಳಿ ಕಡೆ, ಒಬ್ಬ ರೈತ ಕಬ್ಬು ಬಿಟ್ಟು ರಾಗಿಗೆ ಮರಳಿದ್ದನ್ನು ನೀವು ಒಂಬತ್ತನೆಯ ಪುಟದಲ್ಲಿ ಬರೆದಿದ್ದೀರಿ. ತುಂಬಾ ಚೆನ್ನಾಗಿದೆ. ಕಬ್ಬು ವರ್ಷವಿಡೀ ನೆಲದಲ್ಲಿ ನಿಲ್ಲುವ ಬೆಳೆ, ಮೇಲಿನವರು ಎಳೆದುಕೊಂಡು, ಇಂಗಿ ಉಳಿದ ನೀರಷ್ಟೇ ಅವನ ತೂಬಿಗೆ ಬರುತ್ತದೆ. ಆ ಕಾರಣವನ್ನು ಸೇರಿಸಿ, ಲೇಖನವನ್ನು ಅವನ ಗದ್ದೆಯಿಂದಲೇ ಶುರುಮಾಡಿ. 1,500 ಪದ ಮೀರದಿರಲಿ, ನಾಲೆಯ ಒಂದು ಕೈನಕ್ಷೆಯೂ ಇರಲಿ.