ಕದ್ದ ಒಂದು ಬೇಸ್‌ಗೆ ಅಷ್ಟು ಬೆಲೆ ಏಕೆ?

ನಮಸ್ಕಾರ. 2004ರ ಬಾಸ್ಟನ್ ರೆಡ್ ಸಾಕ್ಸ್ ಮತ್ತು ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ಸರಣಿಯಲ್ಲಿ ಬದಲಿ ಓಟಗಾರನೊಬ್ಬ ಬೇಸ್ ಕದ್ದದ್ದನ್ನು, ಅಂದರೆ ಬ್ಯಾಟರ್ ಚೆಂಡು ಹೊಡೆಯುವುದನ್ನು ಕಾಯದೆ ಎಸೆತದ ಹೊತ್ತಿಗೇ ಓಡಿ ಮುಂದಿನ ಬೇಸ್ ಸೇರಿದ್ದನ್ನು, ಜನ ಇಂದಿಗೂ ಏಕೆ ನೆನೆಯುತ್ತಾರೆ, ಅದರಿಂದ ನೇರವಾಗಿ ಒಂದು ರನ್ನೂ ಬರಲಿಲ್ಲವಲ್ಲ ಎಂದು ನೀವು ಕೇಳಿದ್ದೀರಿ.

ಏಳು ಪಂದ್ಯಗಳ ಆ ಸರಣಿಯಲ್ಲಿ ಬಾಸ್ಟನ್ ಮೊದಲ ಮೂರನ್ನೂ ಸೋತಿತ್ತು. ಮೂರನೆಯದನ್ನಂತೂ ತವರಿನ ಫೆನ್ವೇ ಪಾರ್ಕ್‌ನಲ್ಲೇ 19–8ರಿಂದ ಕಳೆದುಕೊಂಡಿತ್ತು. ನಾಲ್ಕನೆಯ ಪಂದ್ಯದ ಕೊನೆಯದಾದ ಒಂಬತ್ತನೆಯ ಇನಿಂಗ್ಸ್‌ನಲ್ಲೂ ಯಾಂಕೀಸ್ 4–3ರಿಂದ ಮುಂದಿತ್ತು, ಚೆಂಡು ಅದರ ಪಿಚರ್ (ಎಸೆತಗಾರ) ಮೇರಿಯಾನೊ ರಿವೆರಾ ಅವರ ಕೈಯಲ್ಲಿತ್ತು. ಬಾಸ್ಟನ್‌ನ ಕೆವಿನ್ ಮಿಲಾರ್ ವಾಕ್ (ನಾಲ್ಕು ತಪ್ಪು ಎಸೆತಗಳಿಗೆ ಸಿಗುವ ಉಚಿತ ಬೇಸ್) ಪಡೆದು ಮೊದಲ ಬೇಸ್ ತಲುಪಿದಾಗ ಅವರ ಬದಲು ಓಡಲು ಡೇವ್ ರಾಬರ್ಟ್ಸ್ ಬಂದರು. ಕದಿಯಲೆಂದೇ ಬಂದಿದ್ದಾರೆಂಬುದು ಎದುರಾಳಿಗಳಿಗೂ ಗೊತ್ತಿದ್ದುದರಿಂದ ರಿವೆರಾ ಮೂರು ಬಾರಿ ಮೊದಲ ಬೇಸ್‌ಗೆ ಚೆಂಡೆಸೆದು ಅವರನ್ನು ಹಿಂದಕ್ಕೆ ಅಟ್ಟಿದರು. ಆದರೂ ಬ್ಯಾಟರ್‌ಗೆ ಎಸೆದ ಮೊದಲ ಚೆಂಡಿಗೇ ರಾಬರ್ಟ್ಸ್ ಓಡಿದರು. ಬ್ಯಾಟರ್ ಹಿಂದೆ ನಿಂತಿದ್ದ ಯಾಂಕೀಸ್ ಕ್ಯಾಚರ್ ಪೊಸಾಡಾ ಎರಡನೆಯ ಬೇಸ್‌ಗೆ ಎಸೆದ ಎಸೆತ ಚೆನ್ನಾಗಿಯೇ ಇತ್ತು, ಆದರೆ ಅಲ್ಲಿದ್ದ ಅವರ ಸಹ ಆಟಗಾರ ಜೀಟರ್ ಔಟ್ ಮಾಡಲು ಚೆಂಡಿದ್ದ ಕೈಗವಸು ತಾಗಿಸುವಷ್ಟರಲ್ಲಿ, ಎದೆಯ ಮೇಲೆ ಜಾರಿಬಂದ ರಾಬರ್ಟ್ಸ್ ಅವರ ಕೈ ಬೇಸ್ ಮುಟ್ಟಿತ್ತು. ಫಲಿತಾಂಶ ಗೊತ್ತಿದ್ದೂ ಆ ದೃಶ್ಯವನ್ನು ನಾನು ಪ್ರತಿಸಲ ಉಸಿರು ಬಿಗಿಹಿಡಿದೇ ನೋಡುತ್ತೇನೆ.

ಎರಡನೆಯ ಬೇಸ್‌ನಲ್ಲಿದ್ದ ಕಾರಣಕ್ಕೇ ಬಿಲ್ ಮಿಲ್ಲರ್ ಅವರ ಒಂದು ಸಿಂಗಲ್‌ಗೆ (ಬ್ಯಾಟರ್ ಮೊದಲ ಬೇಸ್ ತಲುಪುವ ಹೊಡೆತಕ್ಕೆ) ರಾಬರ್ಟ್ಸ್ ರನ್ ದಕ್ಕುವ ಹೋಮ್ ಪ್ಲೇಟ್ ತಲುಪಿ ಪಂದ್ಯವನ್ನು ಸಮಗೊಳಿಸಿದರು. ಸಮವಾದ್ದರಿಂದ ಮುಂದುವರಿದ ಆಟದ ಹನ್ನೆರಡನೆಯ ಇನಿಂಗ್ಸ್‌ನಲ್ಲಿ ಬಾಸ್ಟನ್‌ನ ಡೇವಿಡ್ ಆರ್ಟಿಜ್ ಹೋಮ್ ರನ್ ಹೊಡೆದು 6–4ರಿಂದ ಗೆಲ್ಲಿಸಿದರು. ಮುಂದಿನ ಮೂರನ್ನೂ ಗೆದ್ದ ಬಾಸ್ಟನ್, 0–3ರಿಂದ ಹಿಂದಿದ್ದು ಸರಣಿ ಗೆದ್ದ ಮೊದಲ ಮೇಜರ್ ಲೀಗ್ (ಅಮೆರಿಕದ ಅಗ್ರ ಬೇಸ್‌ಬಾಲ್ ಲೀಗ್) ತಂಡವಾಯಿತು. ಅನಂತರ 1918ರ ಬಳಿಕದ ತನ್ನ ಮೊದಲ ವರ್ಲ್ಡ್ ಸೀರೀಸ್ (ಆ ಲೀಗ್‌ನ ಅಂತಿಮ ಸರಣಿ) ಪ್ರಶಸ್ತಿಯನ್ನೂ ಪಡೆಯಿತು.

ಅವಕಾಶವಾದರೆ ಆ ಒಂಬತ್ತನೆಯ ಇನಿಂಗ್ಸನ್ನು ಮಿಲಾರ್ ಅವರ ವಾಕ್‌ನಿಂದಲೇ ನೋಡಲು ಆರಂಭಿಸಿ.